ಅತ್ತೆಯವರನ್ನು ಹೃದಯದ ಸ್ಕ್ಯಾನಿಗೆ ಕರೆದೊಯ್ದದ್ದು

ಮದುವೆಯಾಗಿ ಮೂರು ವರ್ಷವಾಗಿದ್ದರೂ ನನ್ನ ಅತ್ತೆ ನನ್ನೊಡನೆ ಒಂದು ಮಾತನ್ನೂ ನೇರವಾಗಿ ಆಡಿರಲಿಲ್ಲ. ಸಿಟ್ಟಿನಿಂದಲ್ಲ, ಮರ್ಯಾದೆಯಿಂದ. ನಾನು ಅವರ ಮನೆಗೆ ಹೋದರೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಒಳಮನೆಯ ಬಾಗಿಲ ಹಿಂದೆ ನಿಲ್ಲುತ್ತಿದ್ದರು. "ಅಳಿಯಂದ್ರಿಗೆ ಕೈಕಾಲಿಗೆ ನೀರು ಕೊಡವ್ವಾ" ಎಂದು ಮಗಳಿಗೆ ಹೇಳುತ್ತಿದ್ದರು. ಮಗಳು ಅಲ್ಲಿಲ್ಲದಿದ್ದರೆ ಎದುರಿನ ಕಂಬಕ್ಕೆ ಹೇಳುತ್ತಿದ್ದರು: "ರೊಟ್ಟಿ ತಣ್ಣಗಾಗಾಕ ಹತ್ಯಾವ." ನಾನೂ ಆ ಕಂಬಕ್ಕೇ ಉತ್ತರ ಕೊಟ್ಟು ಊಟಕ್ಕೆ ಏಳುತ್ತಿದ್ದೆ. ನಮ್ಮಿಬ್ಬರಿಗೂ ಅದರಿಂದ ಯಾವ ತೊಂದರೆಯೂ ಇರಲಿಲ್ಲ.

ಆಗ ನಾನು ಕೊಟ್ಟೂರಿನಲ್ಲಿ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದೆ. ರೋಲ್ ತೊಳೆಯುವ ಕಾಲ ಮುಗಿದು ಡಿಜಿಟಲ್ ಕ್ಯಾಮೆರಾ ಬಂದಿತ್ತು. ಹೆಂಡತಿ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಹೊಸಹಳ್ಳಿಯ ಹತ್ತಿರದ ಊರು ಅದು. ಹೆಣ್ಣುಮಗು ಹುಟ್ಟಿ ಇನ್ನೂ ತಿಂಗಳು ತುಂಬಿರಲಿಲ್ಲ. ಅವರದು ಕುರಿ ಸಾಕುವ ಮನೆತನ. ಸುಗ್ಗಿ ಮುಗಿದ ಮೇಲೆ ಮಾವನೂ ಮೈದುನನೂ ಕುರಿಹಿಂಡು ಹೊಡೆದುಕೊಂಡು ಕಾಲುವೆ ನೀರಾವರಿಯ ಸೀಮೆಗೆ ಹೋಗಿಬಿಡುತ್ತಿದ್ದರು. ಅಲ್ಲಿ ಹೊಲದಿಂದ ಹೊಲಕ್ಕೆ ಹಿಂಡು ತಂಗಿಸುತ್ತ ತಿಂಗಳುಗಟ್ಟಲೆ ಇರುತ್ತಿದ್ದರು. ಮೈದುನನ ಹತ್ತಿರ ಒಂದು ಮೊಬೈಲ್ ಇತ್ತು. ಅದಕ್ಕೆ ಚಾರ್ಜು ಸಿಕ್ಕ ದಿನ ಮಾತ್ರ ಅದು ಮಾತಾಡುತ್ತಿತ್ತು.

ಹೀಗಾಗಿ ಬಾಣಂತಿಯ ಕೆಲಸವೆಲ್ಲ ಅತ್ತೆಯವರ ಮೇಲೇ ಬಿದ್ದಿತ್ತು. ಒಂದು ಬೆಳಿಗ್ಗೆ ಮಗಳಿಗೆ ಎರೆಯಲು ಹಂಡೆಯಿಂದ ನೀರು ತೋಡಿ ಎತ್ತುವಾಗ ಎದೆ ಹಿಡಿದುಕೊಂಡು ಬಚ್ಚಲ ಕಟ್ಟೆಯ ಮೇಲೆ ಕುಸಿದು ಕೂತರಂತೆ. ಅದು ಮೊದಲ ಸಲವಲ್ಲ ಎಂಬುದು ಆಮೇಲೆ ಗೊತ್ತಾಯಿತು. ಒಂದು ವರ್ಷದಿಂದ ದಿಬ್ಬ ಹತ್ತುವಾಗ ಎದೆಯಲ್ಲಿ ಕಲ್ಲಿಟ್ಟ ಹಾಗಾಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಎದೆ ನೋವು ಎಂದು ಬಾಯಿಬಿಟ್ಟು ಹೇಳಲು ಅವರಿಗೆ ನಾಚಿಕೆ.

ಹೆಂಡತಿ ಫೋನು ಮಾಡಿಸಿದಾಗ ನಾನು ಸ್ಟುಡಿಯೋ ಬಿಟ್ಟು ಓಡಿದೆ. ಅತ್ತೆಯವರನ್ನು ಕೂಡ್ಲಿಗಿಗೆ ಕರೆದೊಯ್ದೆ. ಅಲ್ಲಿಯ ಡಾಕ್ಟರು ಇ.ಸಿ.ಜಿ. ತೆಗೆಸಿ, ರಕ್ತ ಪರೀಕ್ಷೆ ಮಾಡಿಸಿ, ನನ್ನನ್ನು ಒಳಗೆ ಕರೆದರು.

"ಗಾಬರಿ ಆಗ್ಬ್ಯಾಡ್ರಿ. ಇದರಾಗ ಖಚಿತ ಹೇಳಾಕ ಆಗಂಗಿಲ್ಲ. ಯಂತ್ರದ ಮ್ಯಾಲೆ ಓಡಿಸಿ ನೋಡ್ಬೇಕಂದ್ರ ಅವರ ಮೊಣಕಾಲು ಬರಂಗಿಲ್ಲ. ದಾವಣಗೆರೆಗೆ ಹೋಗಿ ಹೃದಯದ ಸಿ.ಟಿ. ಸ್ಕ್ಯಾನ್ ಮಾಡಿಸಿಬಿಡ್ರಿ. ರಕ್ತನಾಳ ಎಲ್ಲೆರ ಕಟ್ಟಿದ್ರ ಅದರಾಗ ಕಾಣ್ತೈತಿ."

ಅವರು ತಾಳ್ಮೆಯ ಮನುಷ್ಯ. ಏನೇನಾಗುತ್ತದೆ ಎಂದು ನನಗೆ ಒಂದೊಂದಾಗಿ ತಿಳಿಸಿದರು. ಹಿಂದಿನ ದಿನದಿಂದಲೇ ಚಹಾ ಕಾಫಿ ಬಿಡಬೇಕು, ಅವು ಎದೆಬಡಿತ ಏರಿಸುತ್ತವೆ. ಸ್ಕ್ಯಾನಿಗೆ ಮುಂಚೆ ಕೆಲವು ತಾಸು ಏನೂ ತಿನ್ನಬಾರದು, ನೀರು ಕುಡಿಯಬಹುದು. ಬಡಿತ ನಿಧಾನವಾಗಲು ಒಂದು ಮಾತ್ರೆ ಕೊಡುತ್ತಾರೆ. ಹೃದಯ ಓಡುತ್ತಿದ್ದರೆ ಚಿತ್ರ ಅಲುಗುತ್ತದೆ. ಇದು ಫೋಟೋದವನಾದ ನನಗೆ ತಕ್ಷಣ ಅರ್ಥವಾಯಿತು. ಕೈಗೆ ಸೂಜಿ ಹಾಕುತ್ತಾರೆ, ಎದೆಗೆ ವೈರು ಅಂಟಿಸುತ್ತಾರೆ. ದೊಡ್ಡ ಬಳೆಯಂಥ ಯಂತ್ರದೊಳಗೆ ಮಂಚ ಹೋಗಿ ಬರುತ್ತದೆ. ಹೇಳಿದಾಗ ಉಸಿರು ಬಿಗಿಹಿಡಿಯಬೇಕು.

"ಮತ್ತ ಒಂದು ಮಾತು," ಎಂದರು. "ನಾಳ ಕಾಣಾಕ ಒಂದು ಔಷಧ ಬಿಡ್ತಾರ. ಅದು ಮೈಗೆ ಹೋದಕೂಡ್ಲೆ ಬಾಯಾಗ ಕಬ್ಬಿಣದ ರುಚಿ ಬರ್ತೈತಿ, ಮೈಯೆಲ್ಲಾ ಕಾವು ಏರ್ತೈತಿ. ಹೊಟ್ಟಿ ಕೆಳಗ ಇನ್ನೂ ಜಾಸ್ತಿ. ಮೂತ್ರ ಹೋಗೇಬಿಟ್ತು ಅನಸ್ತೈತಿ. ಹೋಗಿರಂಗಿಲ್ಲ. ಗಳಿಗ್ಯಾಗ ತಣ್ಣಗಾಗ್ತೈತಿ. ಇದನ್ನ ಮುಂಚೇನ ಹೇಳ್ರಿ, ಇಲ್ಲಾಂದ್ರ ಹೆಣ್ಮಕ್ಳು ಭಾಳ ಗಾಬರಿ ಆಗ್ತಾರ."

"ಆತ್ರಿ," ಎಂದೆ. ಹೊರಗೆ ಬೆಂಚಿನ ಮೇಲೆ ಅತ್ತೆಯವರು ಗೋಡೆಗೆ ಮುಖ ಮಾಡಿ ಕೂತಿದ್ದರು.

ಮನೆಗೆ ಮರಳಿದ ಮೇಲೆ ಹೆಂಡತಿ ಮಗುವಿಗೆ ಹಾಲೂಡಿಸುತ್ತ ಹೇಳಿದಳು: "ನೀವ ಕರ್ಕೊಂಡು ಹೋಗ್ಬೇಕು. ಬ್ಯಾರೆ ಯಾರದಾರ? ಓಣ್ಯಾಗಿನ ಅಜ್ಜಿ ನನ್ನ ಹತ್ರ ಇರ್ತಾಳ. ಆದ್ರ ನಮ್ಮವ್ವ ನಿಮ್ಮ ಮುಂದ ಬಾಯಿ ಬಿಡಂಗಿಲ್ಲ. ಹಸಿದ್ರೂ ಹೇಳಂಗಿಲ್ಲ, ಬಿದ್ರೂ ಹೇಳಂಗಿಲ್ಲ. ನೀವ ನೋಡ್ಕೋರಿ."

ಚಹಾ ಬಿಡಬೇಕು, ಉಪವಾಸ ಇರಬೇಕು, ಇವನ್ನೆಲ್ಲ ನಾನು ಹೆಂಡತಿಯ ಮೂಲಕ ದಾಟಿಸಿದೆ. ಕೊನೆಯ ಮಾತೊಂದನ್ನು ಮಾತ್ರ ಅವಳಿಗೂ ಹೇಳಲಿಲ್ಲ. ಓಣಿಯ ಅಜ್ಜಿ ಅಲ್ಲೇ ಕೂತಿದ್ದಳು, ಒಳಗೆ ಅತ್ತೆ ರೊಟ್ಟಿ ತಟ್ಟುವ ಸಪ್ಪಳ ಕೇಳುತ್ತಿತ್ತು. ದಾರಿಯಲ್ಲಿ ಹೇಗಾದರೂ ಹೇಳಿದರಾಯಿತು ಎಂದುಕೊಂಡೆ.

ಮರುದಿನ ಮೊದಲ ಬಸ್ಸಿಗೆ ಹೊರಟೆವು. ಕೊಟ್ಟೂರಿನಲ್ಲಿ ಇಳಿದು ದಾವಣಗೆರೆಯ ಬಸ್ಸು ಹಿಡಿದೆವು. ಅವರು ಹೆಂಗಸರ ಸೀಟಿನಲ್ಲಿ ಕಿಟಕಿಗೆ ಅಂಟಿ ಕೂತರು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಚಹಾ ಇಲ್ಲದೆ ಅವರಿಗೆ ತಲೆ ಸಿಡಿಯುತ್ತಿತ್ತು. ಹಣೆಯನ್ನು ಕಿಟಕಿಯ ಸರಳಿಗೆ ಒತ್ತಿ ಹಿಡಿದಿದ್ದರು. ನಾನು ನೀರಿನ ಬಾಟಲಿಯನ್ನು ಮುಂದಕ್ಕೆ ಚಾಚಿ ಅವರ ಪಕ್ಕ ಇಟ್ಟೆ. ಮುಟ್ಟಲಿಲ್ಲ. ನೀರು ಕುಡಿದರೆ ಮುಂದೇನು ಎಂಬ ಭಯ ಅವರಿಗೆ ಎಂಬುದು ನನಗೆ ತಿಳಿಯಿತು. ತಿಳಿದದ್ದಕ್ಕೇ ನನಗೆ ನಾಚಿಕೆಯಾಯಿತು.

ಹರಪನಹಳ್ಳಿಯಲ್ಲಿ ಬಸ್ಸು ನಿಂತಿತು. ಅತ್ತೆ ಸೀಟಿನಿಂದ ಎದ್ದರು, ಮತ್ತೆ ಕೂತರು. ಬಾಗಿಲ ಕಡೆ ನೋಡಿದರು. ಸೆರಗನ್ನು ಬಿಗಿ ಮಾಡಿಕೊಂಡರು. ಮತ್ತೆ ಎದ್ದರು. ನಾನು ಏನು ಕೇಳಲಿ? ಕೆಳಗಿಳಿದು, ಕಿಟಕಿಗಳ ಕೆಳಗೆ ಬುಟ್ಟಿ ಹಿಡಿದು ಸೌತೆಕಾಯಿ ಮಾರುತ್ತಿದ್ದ ಹೆಂಗಸಿನ ಹತ್ತಿರ ಹೋಗಿ ನಿಂತೆ.

"ಯಕ್ಕಾ, ನಮ್ಮ ಅತ್ತಿಯವರು ಒಳಗದಾರ..." ಎಂದೆ.

ಆಕೆ ನನ್ನ ಮುಖ ನೋಡಿದಳು, ಬಸ್ಸಿನ ಕಡೆ ನೋಡಿದಳು. "ಬುಟ್ಟಿ ಹಿಡ್ಕ," ಎಂದು ಅದನ್ನು ನನ್ನ ಕೈಗೆ ಕೊಟ್ಟು ಬಸ್ಸು ಹತ್ತಿದಳು. "ಬರ್ರಿ ಯಮ್ಮಾ, ನಾನೂ ಅತ್ಲಾಗ ಹೊಂಟೀನಿ. ಜೋಡಿಲೆ ಹೋಗಿ ಬರಾಣು."

ಅವರಿಬ್ಬರೂ ಬರುವವರೆಗೆ ನಾನು ಸೌತೆಕಾಯಿ ಬುಟ್ಟಿ ಹಿಡಿದು ನಿಂತಿದ್ದೆ. ಕಂಡಕ್ಟರ್ ಸೀಟಿ ಊದಿದಾಗ "ಇನ್ನೊಂಚೂರು ತಡೀರಿ, ಹೆಣ್ಮಕ್ಳು ಬರಬೇಕು" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಬೇಕಾಯಿತು. ಅತ್ತೆ ಬಂದು ಯಾರನ್ನೂ ನೋಡದೆ ಸೀಟಿನಲ್ಲಿ ಕುಗ್ಗಿ ಕೂತರು.

ತೆಲಿಗಿ ಬಂತು, ಹೋಯಿತು. ಈಗ ಹೇಳಬೇಕು ಎಂದು ನಾನು ಮುಂದಿನ ಸೀಟಿನ ಕಡೆ ಬಾಗಿದೆ. ಅವರ ತಲೆಯ ಮೇಲಿನ ಸೆರಗು ನನ್ನ ಮುಖದ ಹತ್ತಿರವೇ ಇತ್ತು.

"ಅದು... ಯಂತ್ರದಾಗ ಮಲಗಿಸ್ತಾರಂತ," ಎಂದೆ, ಸೀಟಿನ ಕಬ್ಬಿಣದ ಕೋಲಿಗೆ. "ನೋವಾಗಂಗಿಲ್ಲಂತ. ಉಸ್ರು ಹಿಡಿ ಅಂದಾಗ ಹಿಡೀಬೇಕಂತ. ಒಂದು ಔಷಧ ಬಿಡ್ತಾರಂತ. ಮೈ ಒಂದೀಟು ಬಿಸಿ ಆಗ್ತೈತಂತ."

ಸೆರಗು ಅಲುಗಿತು. ಕೇಳಿಸಿಕೊಂಡರು ಎಂದರ್ಥ. ಮಿಕ್ಕ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೆಣ್ಣು ಕೊಟ್ಟ ಅತ್ತೆಗೆ, ಅದೂ ಹರಪನಹಳ್ಳಿಯಲ್ಲಿ ಈಗಷ್ಟೇ ಅಷ್ಟು ಆದ ಮೇಲೆ, ಆ ಮಾತನ್ನು ಯಾವ ಶಬ್ದಗಳಲ್ಲಿ ಹೇಳುವುದು? ನಾನು ನುಂಗಿದೆ. ಅಲ್ಲಿ ನರ್ಸಮ್ಮಗಳು ಇರುತ್ತಾರೆ, ಅವರೇ ಹೇಳುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಆಸ್ಪತ್ರೆಯಲ್ಲಿ ಕೌಂಟರಿನ ಹುಡುಗಿ ಕೇಳಿದಳು: "ಪೇಷೆಂಟು ನಿಮಗೇನಾಗ್ಬೇಕು?"

"ನಮ್ಮವ್ವ," ಎಂದುಬಿಟ್ಟೆ. ಅತ್ತೆ ಎಂದರೆ ಇನ್ನಷ್ಟು ಪ್ರಶ್ನೆ ಬರಬಹುದು, ಜೊತೆಗೆ ಹೆಂಗಸರು ಯಾರೂ ಇಲ್ಲವೇ ಎನ್ನಬಹುದು ಎಂಬ ಅಂಜಿಕೆ. ಹಿಂದೆ ನಿಂತಿದ್ದ ಅತ್ತೆ ಅದನ್ನು ಕೇಳಿ ಒಂದು ಹೆಜ್ಜೆ ಹಿಂದೆ ಸರಿದರು. ಆದರೆ ಮಗ ಎಂದ ಮೇಲೆ ಮಗನಿಗೆ ಕೇಳುವ ಪ್ರಶ್ನೆಗಳೇ ಬಂದವು. ತೂಕ ಎಷ್ಟು, ದಮ್ಮು ಇದೆಯಾ, ಸಕ್ಕರೆ ಕಾಯಿಲೆಯ ಮಾತ್ರೆ ತಗೊಳ್ತಾರಾ, ಯಾವುದಾದರೂ ಔಷಧಿಗೆ ಮೈ ಕೆರೆತ ಬಂದಿತ್ತಾ, ಮುಟ್ಟು ನಿಂತು ಎಷ್ಟು ವರ್ಷವಾಯಿತು. ಕೊನೆಯದನ್ನು ಕೇಳಿ ನಾನು ನೆಲದ ಟೈಲ್ಸು ನೋಡಿದೆ. "ತಾಯಿದು ಗೊತ್ತಿಲ್ವಾ? ಅವರನ್ನೇ ಕೇಳಿ ಹೇಳ್ರಿ," ಎಂದಳು ಹುಡುಗಿ. ನಾನು ಅತ್ತೆಯ ಕಡೆ ತಿರುಗಲೂ ಇಲ್ಲ. "ಭಾಳ ವರ್ಷ ಆತ್ರಿ," ಎಂದೆ ಅಂದಾಜಿನಲ್ಲಿ.

ಒಳಗಿನಿಂದ ಒಬ್ಬ ನರ್ಸ್ ಬಂದಳು. ನಡುವಯಸ್ಸಿನವಳು, ಹರಪನಹಳ್ಳಿ ಕಡೆಯ ಮಾತು. ಅತ್ತೆಯವರ ಕೈ ಹಿಡಿದು ಒಳಗೆ ಕರೆದೊಯ್ದಳು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ತಲೆ ಹಾಕಿ ನನ್ನನ್ನು ಕರೆದಳು.

"ನಿಮ್ ತಾಯಿ ತಾಳಿ ತಗಿಯಾಕ ಒಲ್ಲೆ ಅಂತಾರ. ಎದಿ ಮ್ಯಾಲೆ ಬಂಗಾರ ಇದ್ರ ಫೋಟೋದಾಗ ಗೆರಿ ಬೀಳ್ತಾವ. ಕುಪ್ಪಸದ ಹುಕ್ಕೂ ಕಬ್ಬಿಣದ್ದು, ಅದನ್ನೂ ಬಿಚ್ಚಿ ಗೌನ್ ಹಾಕ್ಕೋಬೇಕು ಅಂದ್ರ ಅಳಾಕ ಹತ್ಯಾರ. ನೀವೊಂಚೂರು ಹೇಳ್ರಿ."

ಕುಪ್ಪಸದ ಹುಕ್ಕಿನ ವಿಷಯ ನನ್ನ ಮುಂದೆ ಆಡಬಾರದಿತ್ತು. ಪರದೆಯ ಆಚೆ ಅತ್ತೆ ಇದ್ದರು, ಎಲ್ಲ ಕೇಳುತ್ತಿತ್ತು. ನಾನು ಹೊರಗೆ ನಡೆದೆ. ರಸ್ತೆ ದಾಟಿ ಕಿರಾಣಿ ಅಂಗಡಿಯಲ್ಲಿ ಒಂದು ಅರಿಶಿಣದ ಕೊಂಬು, ದಪ್ಪ ದಾರ, ಒಂದು ಚಿಟಿಕೆ ಅರಿಶಿಣ ಪುಡಿ ಕೇಳಿ ತಂದೆ. ನಲ್ಲಿಯ ಹತ್ತಿರ ಕೂತು ದಾರಕ್ಕೆ ಅರಿಶಿಣ ಹಚ್ಚಿ ಕೊಂಬು ಕಟ್ಟಿದೆ. ಓಡಾಡುವವರು ನೋಡುತ್ತಿದ್ದರು. ಗಂಡ ಇರುವಾಕೆಯ ಕೊರಳು ಬರಿದಾಗಬಾರದು ಎಂಬುದು ನನಗೂ ಗೊತ್ತಿತ್ತು. ಆದರೆ ಆ ದಾರವನ್ನು ಅಳಿಯ ಕಟ್ಟಿ ಕೊಡುವುದು ಎಲ್ಲಾದರೂ ಉಂಟೇ?

ನರ್ಸಿನ ಕೈಯಲ್ಲಿ ಕೊಟ್ಟೆ. ಅವಳು ನೋಡಿ, "ಛಲೋ ಮಾಡಿದ್ರಿ," ಎಂದು ಒಳಗೆ ಹೋದಳು. ಆಮೇಲೆ ಅವಳ ದನಿ: "ಇದನ್ನ ನಾನು ಇಟ್ಕೋಳಾಕ ಬರಂಗಿಲ್ಲ ಯಮ್ಮಾ. ಮಗನ ಕೈಯಾಗ ಕೊಡ್ರಿ."

ಪರದೆ ಸ್ವಲ್ಪ ಸರಿಯಿತು. ನಾನು ಹೆಗಲ ಮೇಲಿನ ಟವೆಲ್ಲನ್ನು ಎರಡೂ ಕೈಯಲ್ಲಿ ಜೋಳಿಗೆಯಂತೆ ಒಡ್ಡಿ, ಮುಖವನ್ನು ಗೋಡೆಯ ಕಡೆ ತಿರುಗಿಸಿ ನಿಂತೆ. ಟವೆಲ್ಲಿನೊಳಗೆ ಏನೋ ಬಿತ್ತು. ಕರಿಮಣಿಯ ಸರ. ಅದಿನ್ನೂ ಬೆಚ್ಚಗಿತ್ತು. ಅದನ್ನು ಸುತ್ತಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತೆ. ನಾನು ಮುಟ್ಟಬಾರದ್ದು ನನ್ನ ಎದೆಯ ಮೇಲಿದೆ ಎಂದು ಪ್ರತಿ ಉಸಿರಿಗೂ ಅನ್ನಿಸುತ್ತಿತ್ತು.

ಬಡಿತ ಇಳಿಯುವ ಮಾತ್ರೆ ಕೊಟ್ಟು ಅವರನ್ನು ಒಂದು ಮಂಚದ ಮೇಲೆ ಮಲಗಿಸಿದ್ದರು. ತಾಸು ಕಳೆದರೂ ಇಳಿಯಲಿಲ್ಲ. ನರ್ಸ್ ಮತ್ತೆ ಬಂದಳು.

"ಹೆದರಿಕಿ ಬಿಡವಲ್ದು ನೋಡ್ರಿ. ಬಂದು ಹತ್ರ ಕೂಡ್ರಿ, ಕೈ ಹಿಡ್ಕೊಂಡು ಎರಡು ಮಾತಾಡ್ರಿ. ಮಗನ್ನ ನೋಡಿದ್ರ ಧೈರ್ಯ ಬರ್ತೈತಿ."

ಮಗ ಎಂದು ಬರೆಸಿದ್ದಾಗಿತ್ತು. ಒಳಗೆ ಹೋದೆ. ಆಸ್ಪತ್ರೆಯ ಹಸಿರು ಗೌನಿನಲ್ಲಿ, ತಲೆಯ ಮೇಲೆ ಸೆರಗಿಲ್ಲದೆ, ಅವರು ಮಲಗಿದ್ದರು. ಅವರ ಕೂದಲು ಅಷ್ಟು ಬೆಳ್ಳಗಾಗಿದೆ ಎಂದು ನನಗೆ ಅಂದೇ ಗೊತ್ತಾದದ್ದು. ನನ್ನನ್ನು ಕಂಡಕೂಡಲೇ ಹೊದ್ದಿದ್ದ ದುಪ್ಪಟಿಯನ್ನು ಮೂಗಿನವರೆಗೆ ಎಳೆದುಕೊಂಡು ಕಣ್ಣು ಮುಚ್ಚಿದರು. ತಲೆದೆಸೆಯ ಯಂತ್ರದಲ್ಲಿ ಎದೆಬಡಿತದ ಹಸಿರು ಅಂಕಿಯೊಂದು ಮಿನುಗುತ್ತಿತ್ತು. ನಾನು ಸ್ಟೂಲು ಎಳೆದುಕೊಂಡು ಕೂತೆ. ಅಂಕಿ ಏರಿತು. ಗಂಟಲು ಸರಿಮಾಡಿಕೊಂಡೆ. ಇನ್ನೂ ಏರಿತು. ಯಂತ್ರ ಟಿಣ್ ಟಿಣ್ ಎಂದು ಕೂಗತೊಡಗಿತು.

"ಅಯ್ಯ! ನೀವು ಬಂದ್ರ ಏರ್ತೈತಲ್ರೀ!" ಎಂದು ನರ್ಸ್ ಓಡಿ ಬಂದಳು. "ಏನ್ ಜಗಳ ಮಾಡೀರಿ ತಾಯಿ ಕೂಡ?"

ಅವಳನ್ನು ಬಾಗಿಲ ಹೊರಗೆ ಕರೆದು ಸಣ್ಣ ದನಿಯಲ್ಲಿ ಹೇಳಿದೆ: "ಅವ್ವ ಅಲ್ರಿ. ಅತ್ತಿ. ನನ್ನ ಹೆಂಡ್ತಿ ತಾಯಿ. ನಾವು ಮಾತಾಡಂಗಿಲ್ರಿ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಕರುಣೆಯಿಂದ ನೋಡಿದಳು. ಆ ಕರುಣೆಯೇ ನಗುವಿಗಿಂತ ಹೆಚ್ಚು ಚುಚ್ಚಿತು. "ಮುಂಚೇನ ಹೇಳಬಾರ್ದಾ? ಹೋಗ್ರಿ, ಆ ಕಡಿ ದೂರ ಕುಂದರ್ರಿ. ಕಣ್ಣಿಗೆ ಬೀಳಬ್ಯಾಡ್ರಿ."

ದೂರ ಹೋಗಿ ಕೂತೆ. ಬಡಿತ ಇಳಿಯಿತಂತೆ. ಒಳಗೆ ಕರೆದೊಯ್ದರು. ಸ್ಕ್ಯಾನು ಎಷ್ಟು ಬೇಗ ಮುಗಿಯಿತೆಂದರೆ ನಾನು ಮೂಲೆಯ ನಲ್ಲಿಯಲ್ಲಿ ಮುಖ ತೊಳೆದು ಬರುವಷ್ಟರಲ್ಲಿ ಬಾಗಿಲ ಮೇಲಿನ ಕೆಂಪು ದೀಪ ಆರಿತ್ತು. ಆದರೆ ಅತ್ತೆ ಹೊರಗೆ ಬರಲಿಲ್ಲ. ಅವರ ಹಿಂದೆ ಕಾದಿದ್ದ ಒಬ್ಬ ಮುದುಕರನ್ನು ಗಾಲಿಕುರ್ಚಿಯಲ್ಲಿ ತಂದು ಬಾಗಿಲಲ್ಲಿ ನಿಲ್ಲಿಸಿದರು. ಆಗಲೂ ಬರಲಿಲ್ಲ.

ನರ್ಸ್ ಬಂದಳು. ಈಗ ಅವಳ ಮುಖದಲ್ಲಿ ನಗು ಇರಲಿಲ್ಲ.

"ಮಂಚ ಬಿಟ್ಟು ಏಳವಲ್ರು. ದುಪ್ಪಟಿ ಗಟ್ಟಿ ಹಿಡ್ಕೊಂಡು ಅಳ್ತಾರ. 'ನನ್ ಮಗಳನ್ನ ಕರಸ್ರಿ, ಇಲ್ಲಾಂದ್ರ ಇಲ್ಲೇ ಸಾಯ್ತೀನಿ' ಅಂತಾರ. ಏನೂ ಆಗಿಲ್ಲ ಯಮ್ಮಾ, ಒಣಗೇ ಐತಿ ಅಂದ್ರ ನಂಬವಲ್ರು. ನನ್ನ ಸಮಾಧಾನಕ್ಕ ಹೇಳ್ತೀ ಅಂತಾರ."

ನನಗೆ ಎಲ್ಲ ಒಮ್ಮೆಲೇ ತಿಳಿಯಿತು. "ನೀವು ಮುಂಚೇನ ಹೇಳಿದ್ದಿಲ್ಲೇನ್ರಿ?" ಎಂದೆ.

"ಬಿಸಿ ಆಗ್ತೈತಿ ಅಂದಿದ್ದೆ. ಅದನ್ನೂ ಹೇಳಾಕಿದ್ದೆ, ಅಷ್ಟರಾಗ 'ಅಳಿಯಂದ್ರು ಹೇಳ್ಯಾರ, ನನಗ ಗೊತ್ತೈತಿ' ಅಂದ್ರು. ಪೂರಾ ಹೇಳೀರಿ ಅಂದ್ಕೊಂಡೆ."

ಅವರು ನನ್ನ ಮಾತನ್ನು ನಂಬಿ ಒಳಗೆ ಹೋಗಿದ್ದರು. ಅಳಿಯ ಹೇಳಿದ್ದಾನೆ ಎಂಬ ಹೆಮ್ಮೆಯಿಂದಲೇ ನರ್ಸಿನ ಬಾಯಿ ಮುಚ್ಚಿಸಿದ್ದರು. ಹೊರಗೆ ಕಾಯುತ್ತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿತು. ನಿಜವಾಗಿ ಯಾರೂ ನೋಡುತ್ತಿರಲಿಲ್ಲ.

"ಬಾಗಿಲ ಒಂಚೂರು ತಗೀರಿ. ಒಳಗ ಬರಂಗಿಲ್ಲ. ಇಲ್ಲಿಂದ ಮಾತಾಡ್ತೀನಿ," ಎಂದೆ.

ಬಾಗಿಲು ಒಂದು ಅಂಗೈಯಷ್ಟು ತೆರೆಯಿತು. ತಣ್ಣನೆಯ ಗಾಳಿ ಬಂತು. ನಾನು ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ, ಒಳಗೆ ನೋಡದೆ, ಗಟ್ಟಿಯಾಗಿ ಕರೆದೆ.

"ಅತ್ತೀ."

ಅಳುವ ಸದ್ದು ನಿಂತಿತು.

"ಅತ್ತೀ, ನೀವೇನೂ ಮಾಡ್ಕೊಂಡಿಲ್ಲ. ಅದು ಔಷಧದ ಕಾವು. ಒದ್ದಿ ಆದಂಗ ಅನಸ್ತೈತಿ ಅಷ್ಟ. ಗಂಡಸ್ರಿಗೂ ಹಂಗ ಆಗ್ತೈತಂತ, ಎಲ್ಲಾರಿಗೂ ಆಗ್ತೈತಂತ. ಕೈಲೆ ಮುಟ್ಟಿ ನೋಡ್ಕೋರಿ, ಬಟ್ಟಿ ಒಣಗಿರ್ತೈತಿ. ಕೂಡ್ಲಿಗಿ ಡಾಕ್ಟ್ರು ನನಗ ಮೊದಲ ಹೇಳಿದ್ರು."

ಬಟ್ಟೆ ಸರಿಸಿದ ಸದ್ದು ಬಂತು. ಆಮೇಲೆ ಅತ್ತೆಯ ದನಿ. ಕಂಬಕ್ಕಲ್ಲ, ಮಗಳಿಗಲ್ಲ, ನನಗೇ.

"ಮತ್ತ ನನಗ್ಯಾಕ ಹೇಳ್ಲಿಲ್ರಿ?"

"ಹ್ಯಾಂಗ ಹೇಳ್ಲಿ ಅತ್ತೀ," ಎಂದೆ.

"ಅದೂ ಖರೇನ," ಎಂದರು.

ಅವರು ಹೊರಗೆ ಬಂದಾಗ ಸೀರೆ ಉಟ್ಟು ಸೆರಗು ಮೊದಲಿಗಿಂತಲೂ ಕೆಳಕ್ಕೆ ಎಳೆದಿದ್ದರು. ಟವೆಲ್ಲಿನ ಗಂಟನ್ನು ನರ್ಸಿನ ಕೈಗೆ ಕೊಟ್ಟೆ, ಅವಳು ಅವರಿಗೆ ಕೊಟ್ಟಳು. ಔಷಧ ಮೈಯಿಂದ ಹೊರಗೆ ಹೋಗಬೇಕು, ಚೆನ್ನಾಗಿ ನೀರು ಕುಡಿಸಿ ಎಂದು ಹೇಳಿದಳು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಇಡ್ಲಿ ತಿಂದು, ಒಂದು ಲೋಟ ಚಹಾ ಕುಡಿದ ಮೇಲೆ ಅವರ ಹಣೆಯ ಗಂಟು ಸಡಿಲಾಯಿತು. ನಾನು ಬೇರೆ ಮೇಜಿನಲ್ಲಿ ಕೂತಿದ್ದೆ.

ಸಂಜೆಯೊಳಗೆ ರಿಪೋರ್ಟು ಬಂತು. ಒಂದು ನಾಳ ಅರ್ಧದಷ್ಟು ಕಿರಿದಾಗಿದೆ, ಈಗಲೇ ಕೊಯ್ಯುವುದು ಬೇಕಿಲ್ಲ, ದಿನವೂ ಮಾತ್ರೆ ತಪ್ಪಿಸಬಾರದು, ಭಾರ ಎತ್ತಬಾರದು ಎಂದರು ಅಲ್ಲಿಯ ಡಾಕ್ಟರು. ಕಂಪ್ಯೂಟರಿನಲ್ಲಿ ಹೃದಯದ ಚಿತ್ರವನ್ನು ತಿರುಗಿಸಿ ತೋರಿಸಿದರು. ಬೇರಿನಂತೆ ಹಬ್ಬಿದ ನಾಳಗಳು ಸ್ಪಷ್ಟವಾಗಿದ್ದವು, ಎಲ್ಲೂ ಅಲುಗಿರಲಿಲ್ಲ. ಅತ್ತೆ ಒಂದು ಗಳಿಗೆ ನೋಡಿ ಮುಖ ತಿರುಗಿಸಿದರು. ನಾನೂ ತಿರುಗಿಸಿದೆ. ಅಳಿಯನಾದವನು ಅತ್ತೆಯ ಎದೆಯೊಳಗನ್ನು ನೋಡಿದ್ದಾಯಿತು. ಇನ್ನು ನೋಡಲು ಏನು ಉಳಿದಿತ್ತು?

ಅತ್ತೆಯ ಊರಿಗೆ ಬಂದ ಮೇಲೆ ಭಾರ ಎತ್ತಬಾರದು ಎಂಬ ಮಾತು ನನ್ನ ತಲೆಗೆ ಬಂತು. ಸ್ಟುಡಿಯೋದ ಮಾಲೀಕರಿಗೆ ಹೇಳಿ ಕೆಲವು ದಿನ ಅಲ್ಲೇ ಉಳಿದೆ. ಬೋರಿನಿಂದ ನೀರು ಹೊತ್ತು ತಂದೆ, ಒಲೆಗೆ ಉರಿ ಹಾಕಿದೆ, ಮಗುವಿನ ಬಟ್ಟೆ ಒಗೆದು ಅಂಗಳದ ಹಗ್ಗಕ್ಕೆ ಹರವಿದೆ. ಓಣಿಯ ಹೆಂಗಸರು ಕೊಡ ಇಳಿಸಿ ನಿಂತು ನೋಡಿದರು. "ಮನಿ ಅಳಿಯ ಆಗೇ ಬಂದ್ನೇನವ್ವಾ?" ಎಂದು ಒಬ್ಬಾಕೆ ಕೇಳಿಯೇಬಿಟ್ಟಳು. ಒಳಗೆ ಗೋಡೆಗೊರಗಿ ಕೂತಿದ್ದ ಅತ್ತೆ ಮುಖಕ್ಕೆ ಸೆರಗು ಮುಚ್ಚಿಕೊಂಡರು ಎಂದು ಹೆಂಡತಿ ಹೇಳಿದಳು. ನನ್ನಿಂದ ಕೆಲಸ ಮಾಡಿಸುವುದಕ್ಕಿಂತ ಎದೆನೋವೇ ಮೇಲಿತ್ತು ಎಂದರಂತೆ.

ಸುದ್ದಿ ಯಾರ ಮೂಲಕವೋ ತಲುಪಿ, ಮಾವ ಹಿಂಡನ್ನು ಮಗನಿಗೆ ಬಿಟ್ಟು ಬಂದರು. ಮಧ್ಯಾಹ್ನದ ಬಿಸಿಲಿನಲ್ಲಿ ಕಂಬಳಿ ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಬಂದಾಗ ನಾನು ಕೂಸಿನ ಬಟ್ಟೆ ಹಿಂಡುತ್ತಿದ್ದೆ. ಅವರು ನಿಂತಲ್ಲೇ ನಿಂತರು. ನನ್ನ ಕೈಯನ್ನೂ ಹಗ್ಗದ ಮೇಲಿನ ಬಟ್ಟೆಗಳನ್ನೂ ನೋಡಿದರು. ಒಳಗೆ ಹೋಗಲಿಲ್ಲ, ಕಟ್ಟೆಯ ಮೇಲೆ ಕೂತರು.

"ನಾನಿರಬೇಕಿತ್ತು," ಎಂದರು, ನೆಲ ನೋಡುತ್ತ. "ಆಕಿ ಒಂದು ವರ್ಷದಿಂದ ನೋವು ತಿಂದಾಳಂತ. ನನಗ ಗೊತ್ತ ಇಲ್ಲ. ಒಂದು ಮರಿ ಕುಂಟಿದ್ರ ಹಿಂಡಿನ್ಯಾಗ ಅದನ್ನ ಗುರ್ತು ಹಿಡೀತೀನಿ."

ನಾನು ಕೈ ಒರೆಸಿಕೊಂಡು ಅವರಿಗೆ ಒಂದು ಚೊಂಬು ನೀರು ಕೊಟ್ಟೆ. ಅವರು ಅದನ್ನು ಹಿಡಿದುಕೊಂಡು, ಕುಡಿಯದೆ ಕೂತಿದ್ದರು. ನಾನು ಉಳಿದ ಬಟ್ಟೆ ಹಿಂಡತೊಡಗಿದೆ.